ನಿತ್ಯಾಗ್ನಿಗೆ ಇದ್ದಿಲು ಸುರಿಯುವವರು ಯಾರು?

ನಮ್ಮ ದೊಡ್ಡಪ್ಪನ ಎದುರು ಬೆಂಕಿಯ ವಿಷಯ ಎತ್ತಬಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಬುಡಕ್ಕೆ ಮೂವತ್ತಮೂರು ವರ್ಷ ನಿಂತ ಮನುಷ್ಯ. ಬಲಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಕಿಡಿ ಸಿಡಿದ ಕಲೆಗಳು, ರಾಗಿ ಚೆಲ್ಲಿದ ಹಾಗೆ. ಇದು ಗೊತ್ತಿಲ್ಲದೆ ಹೊರ ಊರಿನ ಬೋಧಕರೊಬ್ಬರು ನಮ್ಮ ಕಾಲೊನಿಯ ಉಜ್ಜೀವನ ಕೂಟದಲ್ಲಿ ನರಕದ ಬಗ್ಗೆ ಎರಡು ಗಂಟೆ ಗುಡುಗಿ, ಮರುದಿನ ಊಟಕ್ಕೆ ನಮ್ಮ ಮನೆಗೇ ಬಂದರು. (ನಮ್ಮದು ಅರ್ಧ ಕ್ಯಾಥೊಲಿಕ್, ಅರ್ಧ ಪ್ರೊಟೆಸ್ಟೆಂಟ್ ಮನೆತನ. ಬೋಧಕರಿಗೆ ಎರಡೂ ಕಡೆಯಿಂದ ಊಟ, ನಮಗೆ ಎರಡೂ ಕಡೆಯಿಂದ ನರಕ.)

ಎಲೆಗೆ ಅನ್ನ ಬೀಳುವ ಮೊದಲೇ ದೊಡ್ಡಪ್ಪ ಶುರು ಮಾಡಿದರು.

"ಪಾಸ್ಟರೇ, ಆ ಬೆಂಕಿ ಎಂದೂ ಆರೋದೇ ಇಲ್ಲ ಅಂದ್ರಲ್ಲ. ಇದ್ದಿಲು ಯಾರು ಸುರೀತಾರೆ?"

"ಅದು ದೇವರ ಬೆಂಕಿ, ಅಯ್ಯನವರೇ."

"ಇರ್ಲಿ. ಮೂರು ಶಿಫ್ಟಾ? ಒಳಗಿನ ಇಟ್ಟಿಗೆ ಲೈನಿಂಗ್ ಸವೆದ್ರೆ ಕುಲುಮೆ ನಿಲ್ಲಿಸಲೇಬೇಕಲ್ಲ? ಆಗ ಒಳಗಿದ್ದೋರನ್ನ ಎಲ್ಲಿ ಕೂರಿಸ್ತಾರೆ?"

ದೊಡ್ಡಪ್ಪ ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ಅದು ನಿಜವಾದ ಅನುಮಾನ. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಇದ್ದಿಲಿಗೆ ಮಲೆನಾಡಿನ ಕಾಡನ್ನೇ ಕಡಿದು ಸುಟ್ಟರು. ಅಷ್ಟು ದೊಡ್ಡ ಕಾಡಿಗೂ ಕೊನೆ ಅಂತ ಒಂದಿತ್ತು. ಸರಿಯಾಗಿ ನೂರು ವರ್ಷಕ್ಕೆ, 2023ರಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನವೂ ಬಂತು. ಸರಕಾರದ ಕೈಲೇ ಒಂದು ಕುಲುಮೆಯನ್ನು ನೂರು ವರ್ಷದಾಚೆ ಉರಿಸುವುದು ಇಷ್ಟು ಕಷ್ಟವಾದರೆ, ಅನಂತಕಾಲದ ಬಜೆಟ್ ಯಾರು ಪಾಸು ಮಾಡಿದ್ದು?

"ಇನ್ನೊಂದು," ಎಂದರು ದೊಡ್ಡಪ್ಪ. "ಬೆಂಕಿಗೆ ಹಾಕಿದ್ದು ಕರಗ್ಬೇಕು, ಇಲ್ಲ ಬೂದಿ ಆಗ್ಬೇಕು. ಎರಡೂ ಆಗ್ದೆ ಸುಮ್ನೆ ಬೇಯ್ತಾನೇ ಇರುತ್ತೆ ಅಂದ್ರೆ, ಉಸ್ತುವಾರಿ ನೋಡೋನಿಗೆ ಕೆಲಸ ಗೊತ್ತಿಲ್ಲ ಅಂತರ್ಥ."

ಬೋಧಕರು ಸಾರು ಕಲಸಿಕೊಂಡರು. ಈ ಪ್ರಶ್ನೆ ದೊಡ್ಡಪ್ಪನಿಗಿಂತ ಸಾವಿರದ ಆರುನೂರು ವರ್ಷ ಮೊದಲೇ ಎದ್ದಿತ್ತು ಎಂದು ನಾನು ಬಾಯಿ ಹಾಕಿದೆ. ಆ ಕಾಲದ ಕ್ರೈಸ್ತ ಪಂಡಿತ ಸಂತ ಅಗಸ್ಟೀನ್ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ. ಆ ಉತ್ತರ ನವಿಲಿನ ಮಾಂಸ! ಕಾರ್ತೇಜ್ ಪಟ್ಟಣದಲ್ಲಿ ಯಾರೋ ಅವರಿಗೆ ಬೇಯಿಸಿದ ನವಿಲು ಬಡಿಸಿದರು. ಅವರು ಎದೆಯ ಒಂದು ತುಂಡು ತೆಗೆದಿಡಿಸಿದರು. ತಿಂಗಳು ಬಿಟ್ಟು ನೋಡಿದರೆ ವಾಸನೆಯಿಲ್ಲ, ವರ್ಷ ಕಳೆದ ಮೇಲೂ ಸ್ವಲ್ಪ ಸುಕ್ಕಾಗಿ ಒಣಗಿತ್ತು, ಅಷ್ಟೆ. ನವಿಲಿನ ಮಾಂಸ ಕೊಳೆಯದಿರಬಹುದಾದರೆ ಪಾಪಿಯ ಮೈ ಬೆಂಕಿಯಲ್ಲಿ ಸವೆಯದೆ ಯಾಕಿರಬಾರದು ಎಂಬುದು ಅವರ ವಾದದ ಜಾಡು. ಬೆಂಕಿಯಲ್ಲಿ ಬದುಕುತ್ತದೆಂದು ಆಗಿನವರು ನಂಬಿದ್ದ, ಹಲ್ಲಿಯಂತೆ ಕಾಣುವ ಸಾಲಮಾಂಡರ್ ಎಂಬ ಪ್ರಾಣಿಯನ್ನೂ ಸಾಕ್ಷಿಗೆ ಕರೆದಿದ್ದಾರೆ. ಕಾರ್ತೇಜ್ ಉತ್ತರ ಆಫ್ರಿಕದ ಊರು, ಒಣ ಹವೆ. ಆ ತುಂಡನ್ನು ಜುಲೈನಲ್ಲಿ ಆಗುಂಬೆಯಲ್ಲಿ ಇಟ್ಟಿದ್ದರೆ ಮೂರನೇ ದಿನಕ್ಕೆ ಮಾಂಸದ ಜತೆ ಸಿದ್ಧಾಂತಕ್ಕೂ ಬೂಷ್ಟು ಬರುತ್ತಿತ್ತು. ಕ್ರೈಸ್ತ ಧರ್ಮಶಾಸ್ತ್ರ ಮಲೆನಾಡಿನಲ್ಲಿ ಹುಟ್ಟದೇ ಹೋದದ್ದಕ್ಕೆ ಕೋಟ್ಯಂತರ ಆತ್ಮಗಳು ಬೆಲೆ ತೆರುತ್ತಿವೆ.

ಕ್ರೈಸ್ತರಲ್ಲದವರು ಇಲ್ಲಿ ಜಾಸ್ತಿ ನಗಬೇಡಿ. ನಮ್ಮ ಮಧ್ವಾಚಾರ್ಯರ ಲೆಕ್ಕದಲ್ಲೂ ತಮೋಯೋಗ್ಯ, ಅಂದರೆ ಸ್ವಭಾವದಿಂದಲೇ ಕೆಟ್ಟ, ಜೀವರಿಗೆ ಅಂಧತಮಸ್ಸೆಂಬ ನಿತ್ಯನರಕವೇ ಗತಿ. ಒಮ್ಮೆ ಘಾಟಿ ಇಳಿದರೆ ವಾಪಸ್ ಬಸ್ಸಿಲ್ಲ.

ಯಾರು ಒಳಗೆ, ಯಾರು ಹೊರಗೆ ಎಂಬ ಪಟ್ಟಿಯ ಕತೆ ಇದಕ್ಕಿಂತ ಮಜಾ. ಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಹೊರಗಿದ್ದು ಸತ್ತವರೆಲ್ಲ ನಿತ್ಯಾಗ್ನಿಗೆ ಎಂದು 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಆದೇಶ ಹೊರಡಿಸಿತು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದೆ ಹೋದವರು ಪ್ರಾಮಾಣಿಕವಾಗಿ ಬಾಳಿದರೆ ಅವರಿಗೂ ರಕ್ಷಣೆ (ನರಕ ತಪ್ಪಿ ಸ್ವರ್ಗ) ಸಿಗಬಹುದು ಎಂದಿತು. ಬಾಸ್ಟನ್ನಿನ ಫಾದರ್ ಲಿಯನಾರ್ಡ್ ಫೀನಿ ಎಂಬವರದ್ದು ಇವೆರಡರ ನಡುವೆ ಸಿಕ್ಕಿಬಿದ್ದ ಬಡಪಾಯಿ ಜೀವ. ಸಭೆಯ ಹೊರಗೆ ಯಾರಿಗೂ ರಕ್ಷಣೆಯಿಲ್ಲ ಎಂದು ಹಳೇ ಆದೇಶವನ್ನೇ ಅಕ್ಷರಶಃ ಹಿಡಿದು ಕೂತರು. ಹಟ ಬಿಡಲಿಲ್ಲ, ರೋಮಿಗೆ ಕರೆದರೆ ಹೋಗಲಿಲ್ಲ. 1953ರಲ್ಲಿ ಅವರನ್ನೇ ಸಭೆಯಿಂದ ಹೊರಗೆ ಹಾಕಿದರು. ಈಗ ಅವರ ಲೆಕ್ಕದ ಪ್ರಕಾರವೇ ಅವರು ಎಲ್ಲಿಗೆ? 1972ರಲ್ಲಿ ವಾಪಸ್ ಸೇರಿಸಿಕೊಂಡರಂತೆ. ಪುಣ್ಯಕ್ಕೆ ಅದಕ್ಕೂ ಮೊದಲು ತೀರಿಕೊಳ್ಳಲಿಲ್ಲ.

ದೀಕ್ಷಾಸ್ನಾನ ಇಲ್ಲದೆ ತೀರಿಕೊಂಡ ಹಸುಗೂಸುಗಳ ಕಡತವಂತೂ ಶತಮಾನಗಟ್ಟಲೆ ಬಾಕಿ ಇತ್ತು. ಅಗಸ್ಟೀನ್ ಅವಕ್ಕೂ ದಂಡನೆಯೇ ಎಂದರು, ಆದರೆ ಎಲ್ಲಕ್ಕಿಂತ ಸೌಮ್ಯವಾದದ್ದು. ಆಮೇಲಿನವರಿಗೆ ಇದು ಗಂಟಲಲ್ಲಿ ಇಳಿಯದೆ, ಸ್ವರ್ಗವೂ ಅಲ್ಲದ ಉರಿಯೂ ಇಲ್ಲದ ಲಿಂಬೊ ಎಂಬ ಜಾಗ ಮಂಜೂರು ಮಾಡಿದರು. ಶರಾವತಿ ಮುಳುಗಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರು ನೀರಿನಡಿ ಹೋದವರು ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಲಿಂಬೊ ಮಕ್ಕಳದ್ದು ಸ್ವಲ್ಪ ಮೇಲು. 2007ರಲ್ಲಿ ವ್ಯಾಟಿಕನ್ನಿನ ಧರ್ಮಶಾಸ್ತ್ರಜ್ಞರ ಆಯೋಗ ಕೂತು, ಆ ಮಕ್ಕಳಿಗೂ ರಕ್ಷಣೆ ಸಿಗುತ್ತದೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ಬರೆದುಕೊಟ್ಟಿತು. ಖಾತ್ರಿ ಅಂತಲ್ಲ, ಆಶೆ ಇಟ್ಟುಕೊಳ್ಳಬಹುದು ಅಂತ. ನಮ್ಮ ತಾಲ್ಲೂಕು ಕಚೇರಿಯ ಹಿಂಬರಹವೂ ಇದೇ ಧಾಟಿಯದು.

ಮಗು ಕಳಕೊಂಡ ತಾಯಂದಿರು ಅಷ್ಟೂ ಶತಮಾನ ರಾತ್ರಿ ಹೇಗೆ ಕಳೆದರು ಎಂಬುದಕ್ಕೆ ಆಯೋಗ ಇನ್ನೂ ಕೂತಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಮಜ್ಜಿಗೆ ಅನ್ನ ಬಂತು, ಜತೆಗೆ ಉಪ್ಪಿನಕಾಯಿ. ಜೀರಿಗೆ ಪರಿಮಳದ ಅಪ್ಪೆಮಿಡಿ. ಬೋಧಕರು ಒಂದು ಮಿಡಿ ಕಚ್ಚಿ ಕಣ್ಣು ಮುಚ್ಚಿದರು. ನಿನ್ನೆ ಪ್ರಾರ್ಥನೆಯಲ್ಲೂ ಆ ಮುಖ ಕಂಡಿರಲಿಲ್ಲ.

"ಯಾರು ಮಾಡಿದ್ದಮ್ಮ ಇದು?"

"ಪಕ್ಕದ ಮನೆ ಅಜ್ಜಿ," ಎಂದರು ದೊಡ್ಡಮ್ಮ. "ಸಾಗರದ ಕಡೆಯವರು. ಹೋದ ವರ್ಷದ್ದು, ಇನ್ನೂ ಕರುಂ ಅನ್ನುತ್ತೆ ನೋಡಿ."

"ರಕ್ಷಣೆ ಹೊಂದಿದ್ದಾರಾ?"

"ಅವರು ಗಣಪತಿ ಪೂಜೆ ಮಾಡೋರು."

"ಅಯ್ಯೋ ಪಾಪ," ಎಂದು ಬೋಧಕರು ಬೇಸರ ಪಟ್ಟು, ಇನ್ನೆರಡು ಮಿಡಿ ಹಾಕಿಸಿಕೊಂಡರು.

ನನ್ನ ತಕರಾರು ಇರುವುದು ಇಲ್ಲೇ. ಈ ಮಿಡಿ ಹಾಕಿದ ಕೈ ಅನಂತಕಾಲ ಉರಿಯುತ್ತದೆ ಎಂದು ಒಬ್ಬ ಮನುಷ್ಯ ನಿಜವಾಗಿ ನಂಬಿದ್ದರೆ ತುತ್ತು ಗಂಟಲಿಳಿಯುತ್ತದೆಯೇ? ಎಲೆ ಬಿಟ್ಟೆದ್ದು ಓಡಿಹೋಗಿ ಆ ಅಜ್ಜಿಯ ಕಾಲು ಹಿಡಿಯಬೇಕಿತ್ತು. ನಾವ್ಯಾರೂ ಓಡುವುದಿಲ್ಲ. ವಿಶ್ವಾಸಪ್ರಮಾಣದಲ್ಲಿ ಪಕ್ಕದ ಮನೆಯವರನ್ನು ಸುಟ್ಟು, ಗೋಡೆಯ ಮೇಲಿಂದ ಅವರ ಹತ್ತಿರವೇ ಹೆಪ್ಪು ಇಸ್ಕೊಳ್ಳುತ್ತೇವೆ.

ಹಿಂದಿನ ರಾತ್ರಿ ಬೋಧಕರು ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ಓದಿ, ಆರದ ಬೆಂಕಿಯ ಮಾತಿಗೆ ಬೈಬಲ್ ಮುಚ್ಚಿದ್ದರು. ಅದರ ಮರುವಾಕ್ಯದಲ್ಲೇ ಯೇಸು, ಎಲ್ಲರಿಗೂ ಬೆಂಕಿಯಿಂದ ಉಪ್ಪು ಹಾಕಲಾಗುತ್ತದೆ ಎನ್ನುತ್ತಾರೆ. ಎಲ್ಲರಿಗೂ. ಅರ್ಥ ಏನೆಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಉಪ್ಪು ಹಾಕುವುದು ಕೆಡದಿರಲಿ ಅಂತ, ಶಿಕ್ಷೆಗಲ್ಲ ಎಂದು ಪಕ್ಕದ ಮನೆ ಭರಣಿಗೆ ಗೊತ್ತು.

ಬೋಧಕರು ಹೊರಟಾಗ ದೊಡ್ಡಮ್ಮ ಒಂದು ಬಾಟ್ಲಿ ಮಿಡಿ ಕಟ್ಟಿಕೊಟ್ಟರು. ಚೀಲದಲ್ಲಿ ಎಣ್ಣೆ ಇಳಿಯಬಾರದೆಂದು, ಮಿಕ್ಕಿದ್ದ ನರಕದ ಕರಪತ್ರಗಳನ್ನೇ ಸುತ್ತಿದರು.

ಸಂಜೆ ಅಜ್ಜಿ ಗೋಡೆಯಾಚೆಯಿಂದ ಕೂಗಿದರು. "ತಮ್ಮ, ನಿಮ್ಮ ಪಾದ್ರಿಗಳಿಗೆ ಮಿಡಿ ಹಿಡಿಸ್ತನ?"

"ಹಿಡಿಸ್ತು ಅಜ್ಜಿ, ಒಂದು ಬಾಟ್ಲಿ ತಗಂಡು ಹೋದ್ರು."

"ತಗಂಡ್ ಹೋಗ್ಲಿ ಬಿಡು. ಬಾಟ್ಲಿ ಒಂದು ವಾಪಸ್ ಕೊಡಕ್ಕೆ ಹೇಳು. ಬರೋ ವರ್ಷಕ್ಕೆ ಬೇಕು."