ಎರಡು ಮಿಲಿಮೀಟರಿನ ಮೂತಿ

ನಮ್ಮ ಮನೆಯ ಊಟದ ಮೇಜಿನ ಒಂದು ಮೂಲೆ ಐದು ತಿಂಗಳು ಊಟಕ್ಕೆ ಒದಗಲಿಲ್ಲ. ಅಲ್ಲೊಂದು ಹಳೆಯ ದಿನಪತ್ರಿಕೆ, ಅದರ ಮೇಲೆ ಚಿಮುಟ, ಬ್ಲೇಡು, ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು, ಅವುಗಳ ನಡುವೆ ಮೂತಿಯಿಲ್ಲದ ಒಂದು ವಿಮಾನ. ಮನೆಗೆ ಬಂದವರೆಲ್ಲ ಅದನ್ನು ನೋಡಿ ಮೊದಲು ಕೇಳುತ್ತಿದ್ದುದು ‘ಇದು ಹಾರುತ್ತದೆಯೇ?’ ಎಂದು. ಹಾರುವುದಿಲ್ಲ ಎಂದ ಕೂಡಲೇ, ಹೆಣ್ಣು ನೋಡಲು ಬಂದವರಿಗೆ ಹುಡುಗಿಗೆ ಹಾಡು ಬರುವುದಿಲ್ಲವೆಂದು ತಿಳಿದಾಗ ಆಗುವಂತೆ, ಅವರ ಮುಖದ ಮೇಲೆ ಸೌಜನ್ಯದ ಒಂದು ಮಬ್ಬು ಕವಿಯುತ್ತಿತ್ತು. ಎರಡನೆಯ ಪ್ರಶ್ನೆ ನನ್ನ ಹೆಂಡತಿಯದು. ಮೇಜು ಯಾವಾಗ ಖಾಲಿಯಾಗುತ್ತದೆ ಎಂಬುದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಮಾನ ಕರ್ಟಿಸ್ ಹಾಕ್ 75. ಅಮೆರಿಕದ ಕರ್ಟಿಸ್ ಕಂಪನಿ 1930ರ ದಶಕದಲ್ಲಿ ರೂಪಿಸಿದ ಒಂಟಿ ಎಂಜಿನ್ನಿನ, ಒಬ್ಬನೇ ಕೂರುವ ಯುದ್ಧವಿಮಾನ. ನನ್ನದು ಅದರ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಮಾದರಿ. ಅಸಲಿನ ರೆಕ್ಕೆಯ ಹರವು 37 ಅಡಿ 4 ಅಂಗುಲ. ಅದನ್ನು 72ರಿಂದ ಭಾಗಿಸಿದರೆ 158 ಮಿಲಿಮೀಟರ್, ಎಂದರೆ ನನ್ನ ಕೈಯಲ್ಲಿ ಸರಿಯಾಗಿ ಒಂದು ಚೋಟು. ಈ 72 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರ ಸರಳವಾಗಿದೆ: ಆರು ಅಡಿಗೆ ಒಂದು ಅಂಗುಲ. ಆರಡಿ ಆಳು ಒಂದಂಗುಲದ ಗೊಂಬೆಯಾಗುತ್ತಾನೆ. ಇದು ಮಕ್ಕಳಾಟದ ಅಳತೆ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾಮಕ್ಕಳಿಂದ ಇದೇ ಅಳತೆಯಲ್ಲಿ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಸಲು ಹೊರಟಿತ್ತು. ಕಪ್ಪು ಬಣ್ಣ ಬಳಿದ ಆ ಮಾದರಿಯನ್ನು 35 ಅಡಿ ದೂರದಲ್ಲಿ ತೂಗುಹಾಕಿದರೆ, ಅರ್ಧ ಮೈಲಿ ದೂರದಲ್ಲಿರುವ ನಿಜ ವಿಮಾನ ಕಣ್ಣಿಗೆ ಎಷ್ಟು ಕಾಣುತ್ತದೆಯೋ ಅಷ್ಟೇ ಕಾಣುತ್ತದೆ. ಬರುತ್ತಿರುವುದು ತಮ್ಮದೋ ಶತ್ರುವಿನದೋ ಎಂದು ಫಿರಂಗಿಯವರು ಕಲಿಯುತ್ತಿದ್ದುದು ಹಾಗೆ. ಅವುಗಳಿಗಂತೂ ಹಾರುವ ಅಗತ್ಯವೇ ಇರಲಿಲ್ಲ.

ಸ್ಪಿಟ್‌ಫೈರ್, ಮಸ್ಟಾಂಗ್‌ಗಳಂಥ ಸುಂದರಾಂಗರನ್ನು ಬಿಟ್ಟು ಈ ದಪ್ಪ ಮೂಗಿನವನನ್ನು ನಾನು ಆರಿಸಿಕೊಂಡದ್ದಕ್ಕೆ ಒಂದೇ ಕಾರಣವಿದೆ. ಇವನು ನಮ್ಮೂರಿನವನು. ಬೆಂಗಳೂರಿನಲ್ಲಿ ಸಿದ್ಧವಾದ ಮೊದಲ ಯುದ್ಧವಿಮಾನ ಹಾಕ್. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ 1939ರಲ್ಲಿ ಅಮೆರಿಕದಿಂದ ಪೂರ್ವಕ್ಕೆ ಪ್ರಯಾಣ ಮಾಡುತ್ತಿದ್ದಾಗ ಅದೇ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಪಾಲಿ ಚೀನಾದಲ್ಲಿ ವಿಮಾನದ ಕಾರ್ಖಾನೆ ನಡೆಸುತ್ತಿದ್ದ. ಪಕ್ಕದ ಸೀಟಿನವರೊಂದಿಗೆ ಮಾತಾಡುವ ಅಭ್ಯಾಸ ಒಂದು ಊರಿನ ಹಣೆಬರಹವನ್ನೇ ಬದಲಿಸಿದ ಇಂಥ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಮೈಸೂರು ಸಂಸ್ಥಾನ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 700 ಎಕರೆ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರ ಆಗಸ್ಟಿನಲ್ಲಿ ಹಾರ್ಲೊ ಎಂಬ ತರಬೇತಿ ವಿಮಾನ ಇಲ್ಲಿಂದ ಮೇಲೇರಿತು. 1942ರ ಜುಲೈಯಲ್ಲಿ ಹಾಕ್. ಬೆರಳೆಣಿಕೆಯಷ್ಟು ಹಾಕ್‌ಗಳು ಹೊರಬರುವಷ್ಟರಲ್ಲಿ ಯುದ್ಧದ ಗಾಳಿ ತಿರುಗಿ, ಕಾರ್ಖಾನೆಗೆ ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟುಬಂದ ವಿಮಾನಗಳನ್ನು ರಿಪೇರಿ ಮಾಡುವ ಕೆಲಸವೇ ಹೆಚ್ಚಾಯಿತು.

ಇಷ್ಟು ತಿಳಿದ ಮೇಲೆ ಹಾಕ್‌ನ ಕಿಟ್ ಒಂದನ್ನು ತರಿಸಿದೆ. ಪೆಟ್ಟಿಗೆ ತೆರೆದು, ಚೌಕಟ್ಟಿಗೆ ಅಂಟಿಕೊಂಡಿದ್ದ ಬಿಡಿಭಾಗಗಳನ್ನು ದೀಪಕ್ಕೆ ಹಿಡಿದು ನೋಡಿದಾಗ ತಿಳಿಯಿತು, ಮೈ ನಮ್ಮೂರಿನವನದೇ, ಮೂತಿ ಮಾತ್ರ ಬೇರೆಯವನದು. ಹಾಕ್‌ಗೆ ಎರಡು ಬಗೆಯ ಎಂಜಿನ್ ಉಂಟು, ಎರಡರಲ್ಲೂ ಸಿಲಿಂಡರುಗಳು ನಡುವಿನ ದಂಡದ ಸುತ್ತ ಚಕ್ರದ ಕಡ್ಡಿಗಳಂತೆ ನಿಲ್ಲುತ್ತವೆ. ಒಂದು ಪ್ರಾಟ್ ಆಂಡ್ ವಿಟ್ನಿಯ ಟ್ವಿನ್ ವಾಸ್ಪ್: ಏಳು ಸಿಲಿಂಡರಿನ ಎರಡು ಸಾಲು, ಒಟ್ಟು ಹದಿನಾಲ್ಕು. ಇನ್ನೊಂದು ರೈಟ್ ಕಂಪನಿಯ ಸೈಕ್ಲೋನ್: ಒಂದೇ ಸಾಲು, ಒಂಬತ್ತು ಸಿಲಿಂಡರ್. ಅಮೆರಿಕದ ಸೇನೆಯ ಹಾಕ್‌ಗಳಿಗೂ ಫ್ರಾನ್ಸ್ ಮೊದಲು ಕೊಂಡವುಗಳಿಗೂ ಇದ್ದದ್ದು ಟ್ವಿನ್ ವಾಸ್ಪ್. ಬೆಂಗಳೂರಿನವಕ್ಕೆ ಸೈಕ್ಲೋನ್. ಬ್ರಿಟಿಷ್ ವಾಯುಪಡೆ ಮೊಹಾಕ್ ಎಂದು ಹೆಸರಿಟ್ಟು ಅಸ್ಸಾಂ-ಬರ್ಮಾ ಗಡಿಯಲ್ಲಿ ಹಾರಿಸಿದವುಗಳಿಗೂ ಸೈಕ್ಲೋನ್. ಟ್ವಿನ್ ವಾಸ್ಪಿನ ಅಡ್ಡಳತೆ ಸುಮಾರು 48 ಅಂಗುಲ, ಸೈಕ್ಲೋನಿನದು ಸುಮಾರು 54. ಹೀಗಾಗಿ ಎಂಜಿನ್ನಿನ ಹೊದಿಕೆ, ಅಂದರೆ ಕೌಲಿಂಗ್, ಇದರಲ್ಲಿ ಗಿಡ್ಡ ಮತ್ತು ದಪ್ಪ. ಅದರ ಹಿಂಬದಿಯಲ್ಲಿ ಗಾಳಿ ಬಿಡಲು ತೆರೆಯುವ ರೆಪ್ಪೆಗಳಿಲ್ಲ, ಬಂದೂಕಿನ ಬಾಯಿಗಳ ಸುತ್ತ ಉಬ್ಬುಗಳಿಲ್ಲ. ಆರು ಅಂಗುಲದ ಈ ವ್ಯತ್ಯಾಸವನ್ನು 72ರಿಂದ ಭಾಗಿಸಿದಾಗ ಉಳಿದದ್ದು ಎರಡು ಮಿಲಿಮೀಟರ್ ಚಿಲ್ಲರೆ. ಒಂದು ಸಾಸಿವೆ ಕಾಳು.

ಸೈಕ್ಲೋನ್ ಮೂತಿಯ ಕಿಟ್ಟನ್ನೇ ಮಾಡಿ ಮಾರುವವರು ವಿದೇಶದಲ್ಲಿದ್ದಾರೆ. ಅದನ್ನು ತರಿಸಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ಮೇಜೂ ಖಾಲಿಯಿರುತ್ತಿತ್ತು. ಆದರೆ ಕೈಯಲ್ಲಿದ್ದ ಕಿಟ್ಟಿನ ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿ ಆಗಲೇ ಆಗಿದ್ದ ಮೊತ್ತವನ್ನು ನಾನು ಮನೆಯಲ್ಲಿ ಅರ್ಧಕ್ಕೆ ಇಳಿಸಿ ಹೇಳಿದ್ದೆ. ಅದೇ ಸುಳ್ಳನ್ನು ಎರಡನೆಯ ಸಲ ಹೇಳುವ ಧೈರ್ಯವಿರಲಿಲ್ಲ. ಸಾಸಿವೆ ಕಾಳಿನಷ್ಟನ್ನು ಯಾರು ನೋಡುತ್ತಾರೆ ಎಂದುಕೊಂಡು ಹಾಗೆಯೇ ಅಂಟಿಸಿಬಿಡಬಹುದಿತ್ತು. ನಿಜವಾಗಿಯೂ ಯಾರೂ ನೋಡುತ್ತಿರಲಿಲ್ಲ. ಆದರೆ ನಮ್ಮೂರಿನವನೆಂಬ ಒಂದೇ ಕಾರಣಕ್ಕೆ ಕರೆತಂದವನಿಗೆ ಬೇರೆಯವನ ಮುಖವಿಟ್ಟು ಶೋಕೇಸಿನಲ್ಲಿ ನಿಲ್ಲಿಸಿದರೆ, ಅವನನ್ನು ಕರೆತಂದ ಅರ್ಥವಾದರೂ ಏನು? ಗರಗಸದ ಬ್ಲೇಡು ಹಿಡಿದು, ರೆಕ್ಕೆ ಮೈಗೆ ಸೇರುವಲ್ಲಿಂದ ಸ್ವಲ್ಪ ಮುಂದಕ್ಕೆ ಗೆರೆ ಎಳೆದು, ಮೂತಿಯನ್ನು ಕೊಯ್ದು ತೆಗೆದೆ. ದುಡ್ಡು ಕೊಟ್ಟು ತಂದ ಹೊಸ ವಸ್ತುವಿನ ಮೇಲೆ ಗರಗಸ ಆಡಿಸುವ ಆ ಅರ್ಧ ನಿಮಿಷದ ಎದೆಬಡಿತ, ಮಗುವಿನ ಮೊದಲ ಚೌಲದಲ್ಲಿ ತಾಯಿಗೆ ಆಗುವಂಥದು.

ಹೊಸ ಮೂತಿಗೆ ಅಚ್ಚು ಬೇಕು. ಇಷ್ಟು ಸಣ್ಣ ಗುಂಡು ವಸ್ತುವನ್ನು ತಪ್ಪಿಲ್ಲದೆ ಮರದಲ್ಲಿ ಕಡೆದುಕೊಡುವವರು ಎಲ್ಲಿದ್ದಾರೆಂದು ಯೋಚಿಸಿದಾಗ, ಕನ್ನಡ ನಾಡಿನಲ್ಲಿ ಹುಟ್ಟಿದವನಿಗೆ ಚನ್ನಪಟ್ಟಣವಲ್ಲದೆ ಬೇರೇನು ಹೊಳೆದೀತು? ಒಂದು ಭಾನುವಾರ ಬಸ್ಸು ಹತ್ತಿದೆ. ಅಲ್ಲಿ ಲೇತಿನ ಮುಂದೆ ಕುಳಿತಿದ್ದ ಕುಶಲಕರ್ಮಿ ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಬುಗುರಿಯಾ ಸಾರ್? ಮೊಳೆಗೆ ಜಾಗ ಬಿಟ್ಟಿಲ್ವಲ್ಲ” ಎಂದರು. ವಿಮಾನದ ಮೂತಿ ಎಂದೆ. ಅವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ರೈಲು, ಎತ್ತಿನಗಾಡಿ, ಕುದುರೆ ಎಲ್ಲವನ್ನೂ ಮಾಡಿದ ಕೈ ಅದು. ಹಾಲೆ ಮರದ ತುಂಡೊಂದನ್ನು ಸಿಕ್ಕಿಸಿ, ಉಳಿಯನ್ನು ಹಿಡಿದರು. ಬಿಳಿಯ ಹೊಟ್ಟು ಸುರುಳಿಸುರುಳಿಯಾಗಿ ಅವರ ಮಡಿಲಿಗೆ ಬಿದ್ದು, ಎರಡು ನಿಮಿಷದಲ್ಲಿ ಅಂಚು ದುಂಡಗಾದ ಪುಟ್ಟ ಮೂತಿ ಅಲ್ಲಿ ತಿರುಗುತ್ತಿತ್ತು. ಅಭ್ಯಾಸಬಲದಿಂದ ಕೆಂಪು ಅರಗಿನ ಕಡ್ಡಿಯನ್ನೂ ತಾಗಿಸಿ, ತಾಳೆಗರಿಯಿಂದ ಉಜ್ಜಿ ಹೊಳಪನ್ನೂ ಕೊಟ್ಟರು. ಬಣ್ಣ ಬೇಡವಾಗಿತ್ತು ಎಂದು ಹೇಳುವುದು ನನ್ನಿಂದಾಗಲಿಲ್ಲ.

ಮನೆಗೆ ಬಂದು, ಪ್ಲೈವುಡ್ಡಿನ ಚೂರಿನಲ್ಲಿ ಅಚ್ಚು ಹಿಡಿಸುವಷ್ಟು ತೂತು ಕೊರೆದು, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಡ್ರಾಯಿಂಗ್ ಪಿನ್ನಿನಿಂದ ಬಿಗಿದೆ. ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ, ಒಂದು ಗೇಣು ಎತ್ತರದಲ್ಲಿ ಅದನ್ನು ಆಡಿಸುತ್ತಿದ್ದರೆ ಹಾಳೆ ಮೊದಲು ಸುಕ್ಕಾಗುತ್ತದೆ, ಆಮೇಲೆ ಬಿಗಿಯುತ್ತದೆ, ಕೊನೆಗೆ ಹಪ್ಪಳದ ಹಿಟ್ಟಿನಂತೆ ಮೆತ್ತಗೆ ಜೋಲುತ್ತದೆ. ಜೋಲಿದ ಕ್ಷಣವೇ ಅಚ್ಚನ್ನು ಒತ್ತಬೇಕು. ಅರೆಗಳಿಗೆ ತಡವಾದರೆ ತೂತು, ಬೇಗನಾದರೆ ಮಡಿಕೆ. ಮೊದಲ ಮೂರು ಹಾಳೆಗಳಲ್ಲಿ ಎರಡು ತೂತು, ಒಂದು ಮಡಿಕೆ ಬಂದವು. ನಾಲ್ಕನೆಯದು ನುಣ್ಣಗೆ ಇಳಿಯಿತು. ಆ ಸಂತೋಷದಲ್ಲಿ ಅಳತೆ ಹಿಡಿದು ನೋಡಿದರೆ ಒಂದು ಮಿಲಿಮೀಟರ್ ಹೆಚ್ಚು! ಹಾಳೆಯ ದಪ್ಪ ಅರ್ಧ ಮಿಲಿಮೀಟರ್, ಅದು ಎರಡೂ ಪಕ್ಕಕ್ಕೆ ಸೇರಿ ಒಂದಾಗುತ್ತದೆ, ಅಚ್ಚಿನ ಅಳತೆಯಿಂದ ಅದನ್ನು ಕಳೆಯಬೇಕು ಎಂಬ ಪ್ರಾಥಮಿಕ ಶಾಲೆಯ ಲೆಕ್ಕವನ್ನು ನಾನು ಮರೆತಿದ್ದೆ. ಮತ್ತೆ ಭಾನುವಾರ, ಮತ್ತೆ ಬಸ್ಸು. “ಒಂದು ಮಿಲಿಮೀಟರ್ ತಾನೇ ಸಾರ್, ಇದಕ್ಕೆ ಬೆಂಗಳೂರಿಂದ ಬಂದ್ರಾ?” ಎಂದು ಅವರು ನಕ್ಕರು. ಈ ಸಲ ಅರಗು ಬೇಡವೆಂದೆ.

ಸೈಕ್ಲೋನ್ ಎಂಜಿನ್ನನ್ನೂ ನಾನೇ ಮಾಡಬೇಕಾಯಿತು. ಕಿಟ್ಟಿನ ಖಾಲಿ ಚೌಕಟ್ಟಿನ ಕಡ್ಡಿಯನ್ನು ತುಂಡರಿಸಿ, ಕೆಟ್ಟುಹೋದ ಇಯರ್‌ಫೋನಿನ ಕೂದಲೆಳೆಯಂಥ ತಾಮ್ರದ ತಂತಿಯನ್ನು ಅದಕ್ಕೆ ಒತ್ತೊತ್ತಾಗಿ ಸುತ್ತಿದರೆ ಸಿಲಿಂಡರಿನ ಏಣುಗಳು ಚೆನ್ನಾಗಿ ಮೂಡುತ್ತವೆ. ಇಂಥ ಸಿಲಿಂಡರುಗಳನ್ನು ನಡುವಿನ ಬಿಲ್ಲೆಯ ಸುತ್ತ ಕಣ್ಣಳತೆಯಲ್ಲೇ ಅಂಟಿಸುತ್ತ ಹೋದೆ. ಎಂಟಕ್ಕೇ ಸುತ್ತು ತುಂಬಿತು. ಒಂಬತ್ತನೆಯದಕ್ಕೆ ಅರ್ಧ ಜಾಗ ಮಾತ್ರ ಉಳಿಯಿತು. ಎಂಟೇ ಇರಲಿ ಎಂದು ಬಿಡುವಂತಿಲ್ಲ. ಒಂದೇ ಸಾಲಿನ ಇಂಥ ಎಂಜಿನ್ನಿಗೆ ಬೆಸ ಸಂಖ್ಯೆಯೇ ಆಗಬೇಕು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎಲ್ಲ ಸಿಲಿಂಡರುಗಳೂ ಒಮ್ಮೆ ಉರಿಯಲು ನಡುವಿನ ದಂಡ ಎರಡು ಸುತ್ತು ತಿರುಗಬೇಕು. ಆದ್ದರಿಂದ ಒಂದು ಬಿಟ್ಟು ಒಂದರಂತೆ 1, 3, 5, 7, 9 ಉರಿದು, ಎರಡನೆಯ ಸುತ್ತಿನಲ್ಲಿ 2, 4, 6, 8 ಉರಿಯುತ್ತವೆ. ಎಂಟಿದ್ದರೆ ಏಳರ ನಂತರ ಮತ್ತೆ ಒಂದಕ್ಕೇ ಬಂದು, ಸಮಸಂಖ್ಯೆಯವು ಮದುವೆಯೂಟದಲ್ಲಿ ಬಡಿಸುವವರ ಕಣ್ಣಿಗೆ ಬೀಳದ ಪಂಕ್ತಿಯಂತೆ ಕಾಯುತ್ತಲೇ ಇರಬೇಕಾಗುತ್ತದೆ. ಎಲ್ಲವನ್ನೂ ಕಿತ್ತು, ಮಗಳ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದು, 40 ಡಿಗ್ರಿಗೊಂದರಂತೆ ಗೆರೆ ಎಳೆದು ಮತ್ತೆ ಅಂಟಿಸಿದೆ. ಇದಕ್ಕೆ ಮೂರು ವಾರ ಹಿಡಿಯಿತು.

ಮೂತಿ ಮೈಗೆ ಸೇರಿದ ಮೇಲೆ ಉಳಿದದ್ದು ಉಜ್ಜುವ ಕೆಲಸ. ಸಂದಿಗೆ ಪುಟ್ಟಿ ತುಂಬಿ, ಪೇಂಟರುಗಳು ವಾಟರ್ ಪೇಪರ್ ಎನ್ನುವ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಆಮೇಲೆ ಕಣ್ಣು ಮುಚ್ಚಿ ಉಗುರಿನ ತುದಿಯನ್ನು ಆಡಿಸಿ ನೋಡಬೇಕು, ಏಕೆಂದರೆ ಕಣ್ಣು ಕ್ಷಮಿಸುವುದನ್ನು ಉಗುರು ಕ್ಷಮಿಸುವುದಿಲ್ಲ. ರೆಕ್ಕೆಯ ಮೇಲೆ ಕಿಟ್ಟಿನವರು ಉಬ್ಬಿಸಿದ್ದ ರಿವೆಟ್ಟುಗಳನ್ನೂ ಉಜ್ಜಿ ತೆಗೆದೆ. ಅರ್ಧ ಮಿಲಿಮೀಟರಿನ ಆ ಒಂದೊಂದು ಚುಕ್ಕೆಯನ್ನೂ 72 ಪಟ್ಟು ಹಿಗ್ಗಿಸಿದರೆ ಒಂದು ನಿಂಬೆಹಣ್ಣಾಗುತ್ತದೆ. ಮೈತುಂಬ ನಿಂಬೆಹಣ್ಣು ಹೊತ್ತು ಹಾರಲು ಅದು ಯುದ್ಧವಿಮಾನ, ಮಾರಮ್ಮನ ತೇರಲ್ಲ.

ಬಣ್ಣದ ಹೊತ್ತಿಗೆ ಯಾವ ಪಡೆಯ ವೇಷ ಎಂಬ ಪ್ರಶ್ನೆ ಬಂತು. ಹಾಕ್ ಹಾಕಿದಷ್ಟು ವೇಷಗಳನ್ನು ಆ ಯುದ್ಧದಲ್ಲಿ ಬೇರೆ ವಿಮಾನಗಳು ಹಾಕಿದ್ದು ಕಡಿಮೆ. ಫ್ರಾನ್ಸಿನ ಪರವಾಗಿ ಜರ್ಮನರನ್ನು ಹೊಡೆಯಿತು. ಫ್ರಾನ್ಸ್ ಸೋತ ಮೇಲೆ ಜರ್ಮನರು ಹಿಡಿದವುಗಳನ್ನು ಫಿನ್‌ಲೆಂಡಿಗೆ ಮಾರಿದರು, ಅಲ್ಲಿ ರಷ್ಯನ್ನರನ್ನು ಹೊಡೆಯಿತು. ಇರಾನಿಗೆ ಹೋದ ಹತ್ತು ಹಾಕ್‌ಗಳು ಪೆಟ್ಟಿಗೆಯಿಂದ ಹೊರಬರುವ ಮೊದಲೇ, 1941ರಲ್ಲಿ, ಬ್ರಿಟಿಷರ ಕೈಸೇರಿ ಭಾರತಕ್ಕೆ ಬಂದವು. ಕಿಟ್ಟಿನ ಪೆಟ್ಟಿಗೆಯನ್ನು ತೆರೆಯದೆ ಅಟ್ಟದಲ್ಲಿಡುವ ನನ್ನಂಥವರಿಗೆ ಈ ಹತ್ತರ ಮೇಲೆ ವಿಶೇಷ ಮಮತೆ. ನಾನು ಆರಿಸಿದ್ದು ಅಸ್ಸಾಂ ಕಡೆ ಹಾರಿದ ಬ್ರಿಟಿಷ್ ಐದನೆಯ ಸ್ಕ್ವಾಡ್ರನ್ನಿನ ವೇಷ: ಮೇಲೆ ಮಣ್ಣು ಮತ್ತು ಹಸಿರು ಬಣ್ಣದ ತೇಪೆಗಳು, ರೆಕ್ಕೆಯ ಮೇಲೆ ಬ್ರಿಟಿಷರ ವೃತ್ತಲಾಂಛನ. ಆ ಲಾಂಛನದ ನಡುವಿನ ಕೆಂಪು ಚುಕ್ಕೆಯನ್ನು ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಭ್ರಮಿಸುವ ಅಪಾಯವಿದ್ದುದರಿಂದ ಈ ಕಡೆಯ ವಿಮಾನಗಳಲ್ಲಿ ಕೆಂಪನ್ನು ಅಳಿಸಿ, ಕೊನೆಗೆ ನೀಲಿಯೊಳಗೆ ತಿಳಿನೀಲಿ ಇಟ್ಟರು. ಪೆಟ್ಟಿಗೆಯಲ್ಲಿ ಬಂದ ಡೆಕಾಲ್, ಅಂದರೆ ಲಾಂಛನಗಳನ್ನು ಅಚ್ಚುಮಾಡಿದ ಅಂಟುಚಿತ್ರದ ಹಾಳೆಯಲ್ಲಿ ಕೆಂಪೇ ಇತ್ತು. ತೆಳ್ಳನೆಯ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಕೆಂಪನ್ನೆಲ್ಲ ನಾನೇ ಮುಚ್ಚಿದೆ.

ಮುಗಿದ ಸಂಜೆ ಮಾವನವರು ಬಂದಿದ್ದರು. ವಿಮಾನದ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು. ಕನ್ನಡಕವನ್ನು ಹಣೆಗೇರಿಸಿ, ಮಾದರಿಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಎರಡು ಮಿಲಿಮೀಟರಿನ ಕಥೆಯನ್ನು ಚನ್ನಪಟ್ಟಣದ ಎರಡೂ ಪ್ರಯಾಣಗಳೊಂದಿಗೆ ಹೇಳಿದೆ. ಅವರು ಏನೂ ಹೇಳದೆ ಪ್ರೊಪೆಲ್ಲರಿಗೆ ಮೆಲ್ಲಗೆ ಉಫ್ ಎಂದು ಊದಿದರು. ಅದು ಗರ್ರನೆ ತಿರುಗಿ, ಹಿಂದಿದ್ದ ನನ್ನ ಮೂರು ವಾರದ ಎಂಜಿನ್ನು ಬೂದು ಮಂಜಿನಲ್ಲಿ ಕರಗಿಹೋಯಿತು.

“ನೋಡಿ, ಇಷ್ಟೇ ಕಾಣೋದು,” ಎಂದರು. “ಒಳಗೆ ಎಂಟಿದೆಯೋ ಒಂಬತ್ತಿದೆಯೋ ಯಾರು ಎಣಿಸ್ತಾರೆ ಅಳಿಯಂದ್ರೇ?”

ಹಾಗೆಂದವರು ಕಿರುಬೆರಳನ್ನು ಅಡ್ಡ ಹಿಡಿದು ಪ್ರೊಪೆಲ್ಲರನ್ನು ನಿಲ್ಲಿಸಿದರು. ಕನ್ನಡಕವನ್ನು ಮೂಗಿಗೆ ಇಳಿಸಿ, ಮೂತಿಯನ್ನು ದೀಪದ ಕಡೆ ತಿರುಗಿಸಿ, ತುಟಿಯಲ್ಲೇ ಎಣಿಸತೊಡಗಿದರು. ಪ್ರೊಪೆಲ್ಲರಿನ ಅಲಗು ಮರೆಮಾಡಿದ್ದ ಒಂದಕ್ಕಾಗಿ ಅದನ್ನು ಕೂದಲೆಳೆಯಷ್ಟು ಸರಿಸಿದರು. ಒಂಬತ್ತು ಎಂದ ಮೇಲೆಯೇ ಮೇಜಿನ ಮೇಲಿಟ್ಟು, ಕಾಫಿ ಲೋಟಕ್ಕೆ ಕೈಚಾಚಿದರು.