ಮೌಂಟ್ ರೋಡಿನ ಎಲ್‌ಐಸಿ ಕಟ್ಟಡಕ್ಕೆ ಒಂದು ಫಲಕ ಬೇಕು

ಚೆನ್ನೈ ಮೆಟ್ರೊದಲ್ಲಿ 'ಎಲ್‌ಐಸಿ' ಅಂತಲೇ ಒಂದು ನಿಲ್ದಾಣ ಇದೆ. ಒಂದು ಆಫೀಸ್ ಕಟ್ಟಡದ ಹೆಸರನ್ನೇ ನಿಲ್ದಾಣಕ್ಕೆ ಇಟ್ಟಿದ್ದಾರೆ ಅಂದರೆ ಊರಿನವರ ಮನಸ್ಸಲ್ಲಿ ಅದಕ್ಕೆ ಎಂಥ ಜಾಗ ಇದೆ ನೋಡಿ. ರಸ್ತೆಗೆ ಅಣ್ಣಾ ಸಾಲೈ ಅಂತ ಹೆಸರಾಗಿ ಎಷ್ಟೋ ಕಾಲವಾದರೂ ಜನ ಇನ್ನೂ ಮೌಂಟ್ ರೋಡ್ ಅಂತಾರೆ. ಆ ಮೌಂಟ್ ರೋಡಿನ ಗುರುತೇ ಈ ಕಟ್ಟಡ.

ಆದರೆ ಇದನ್ನು ಶುರು ಮಾಡಿದ್ದು ಎಲ್‌ಐಸಿ ಅಲ್ಲ. 1953ರಲ್ಲಿ ಕೆಲಸ ಆರಂಭವಾದಾಗ ಎಲ್‌ಐಸಿ ಹುಟ್ಟೇ ಇರಲಿಲ್ಲ. ಯುನೈಟೆಡ್ ಇಂಡಿಯಾ ಲೈಫ್ ಎಂಬ ಖಾಸಗಿ ವಿಮಾ ಕಂಪನಿಗೆ ಕಚೇರಿ ಬೇಕಿತ್ತು. ಅದರ ಹಿಂದಿದ್ದವರು ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರ್. 1937ರಲ್ಲಿ ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಕಟ್ಟಿದವರೂ ಇವರೇ. ಸುಣ್ಣ-ಇಟ್ಟಿಗೆಯ ದೊಡ್ಡ ಕಟ್ಟಡಗಳ ಮದ್ರಾಸಿನಲ್ಲಿ ಕಾಂಕ್ರೀಟ್ ಕಂಬಗಳ ಮೇಲೆ ಇಷ್ಟೆತ್ತರಕ್ಕೆ ಹೋಗುತ್ತೇನೆ ಅನ್ನೋಕೆ ಧೈರ್ಯ ಬೇಕಿತ್ತು.

ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1954ರ ಮಾರ್ಚ್‌ನಲ್ಲಿ ಸಿಂಗಪುರದ ಕಲ್ಲಂಗ್ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಅವರಿದ್ದ ವಿಮಾನ ಅಪಘಾತಕ್ಕೀಡಾಯಿತು. ಆಗಿನ್ನೂ ಐವತ್ತು ದಾಟದ ಮನುಷ್ಯ. 1956ರಲ್ಲಿ ಸರ್ಕಾರ ಜೀವವಿಮೆಯನ್ನು ರಾಷ್ಟ್ರೀಕರಣ ಮಾಡಿತು. ಕಂಪನಿ ಹೋಯಿತು, ಅರ್ಧ ಎದ್ದ ಕಟ್ಟಡ ಹೊಸ ಸಂಸ್ಥೆಯ ಪಾಲಾಯಿತು. ನಕ್ಷೆ ಹಾಕಿದ್ದ ಲಂಡನ್ನಿನ ಬ್ರೌನ್ ಮತ್ತು ಮೌಲಿನ್ ಕೂಡ ನಡುವೆ ಕೈಬಿಟ್ಟರು. ಕೊನೆಗೆ ದಡ ಮುಟ್ಟಿಸಿದವರು ಮದ್ರಾಸಿನ ವಾಸ್ತುಶಿಲ್ಪಿ ಎಲ್.ಎಂ. ಚಿತಳೆ. 1959ರ ಆಗಸ್ಟ್‌ನಲ್ಲಿ ಅಂದಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಉದ್ಘಾಟಿಸಿದರು. 177 ಅಡಿ. ಆಗ ದೇಶದಲ್ಲೇ ಅತಿ ಎತ್ತರದ ಕಟ್ಟಡಗಳಲ್ಲಿ ಒಂದು.

ನನಗೆ ಇದರಲ್ಲಿ ಅತಿ ಇಷ್ಟವಾಗೋದು ಎತ್ತರ ಅಲ್ಲ. ಯಜಮಾನ ತೀರಿಕೊಂಡ, ಕಂಪನಿ ಮುಗಿಯಿತು, ನಕ್ಷೆಯವರು ಹೋದರು, ಆದರೂ ಕೆಲಸ ನಿಲ್ಲಲಿಲ್ಲ. ಎಷ್ಟು ಕಟ್ಟಡಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಕಂಬಿ ಚಾಚಿಕೊಂಡು ಅರ್ಧಕ್ಕೇ ನಿಂತಿವೆ ಅಲ್ವಾ? 1975ರಲ್ಲಿ ದೊಡ್ಡ ಬೆಂಕಿಯನ್ನೂ ಕಂಡಿತು. ರಿಪೇರಿಯಾಗಿ ಮತ್ತೆ ಕೆಲಸಕ್ಕೆ ನಿಂತಿತು.

ನಮಗೂ ಇದು ಹೊರಗಿನದಲ್ಲ. ಕನ್ನಡ ಸಿನಿಮಾ ಬಹುಕಾಲ ಉಸಿರಾಡಿದ್ದೇ ಮದ್ರಾಸಿನ ಸ್ಟುಡಿಯೋಗಳಲ್ಲಿ. ಡಾ. ರಾಜ್‌ಕುಮಾರ್ ಕುಟುಂಬ ಅಲ್ಲೇ ಇತ್ತು, ಪುನೀತ್ ಹುಟ್ಟಿದ್ದೂ ಅಲ್ಲೇ. ಅವಕಾಶ ಹುಡುಕಿಕೊಂಡು ನಮ್ಮ ಕಡೆಯಿಂದ ಹೋದ ಎಷ್ಟೋ ಕಲಾವಿದರು, ತಂತ್ರಜ್ಞರು ಮೊದಲು ತಲೆಯೆತ್ತಿ ನೋಡಿದ ಬಹುಮಹಡಿ ಕಟ್ಟಡ ಇದೇ ಇದ್ದಿರಬೇಕು. ತಮಿಳು ಸಿನಿಮಾದಲ್ಲಂತೂ ಹಳ್ಳಿ ಹುಡುಗ ಮದ್ರಾಸಿಗೆ ಬಂದ ಅಂತ ತೋರಿಸೋಕೆ ಈ ಕಟ್ಟಡದ ಒಂದು ಶಾಟ್ ಸಾಕಾಗುತ್ತಿತ್ತು.

'ಸುಮ್ನೆ ಒಂದು ಚೌಕದ ಡಬ್ಬ, ಇದರಲ್ಲೇನು ಪರಂಪರೆ' ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಅರಮನೆ, ಗೋಪುರ, ಬ್ರಿಟಿಷರ ಕೆಂಪು ಕಟ್ಟಡ ಮಾತ್ರ ಇತಿಹಾಸ ಅಂದುಕೊಂಡರೆ ಸ್ವಾತಂತ್ರ್ಯ ಬಂದ ಮೇಲೆ ನಾವೇ ಕಟ್ಟಿದ್ದಕ್ಕೆ ಲೆಕ್ಕವೇ ಇರಲ್ಲ. ನಿಯಾನ್ ಬೋರ್ಡು, ಗುಮಾಸ್ತರ ಮೇಜು, ಪ್ರೀಮಿಯಂ ಕಟ್ಟೋ ಸಾಲು, ಇವೆಲ್ಲಾ ಆ ಕಾಲದ ಕಥೆಯೇ.

ಮೆಟ್ರೊದಲ್ಲಿ ದಿನವೂ ಅಷ್ಟು ಜನ 'ಎಲ್‌ಐಸಿ' ಅಂತ ಕೇಳಿ ಇಳಿಯುತ್ತಾರೆ. ಆ ನಿಲ್ದಾಣದ ಗೋಡೆಗೆ ಒಂದು ದೊಡ್ಡ ಫಲಕ ಹಾಕಲಿ. ಕಟ್ಟಡ ಏಳುತ್ತಿದ್ದಾಗಿನ ಫೋಟೊ ಇರಲಿ, ಸಾರವೆ ಏರಿ ನಿಂತ ಕೂಲಿಯವರೂ ಅದರಲ್ಲಿ ಕಾಣಲಿ. ಚೆಟ್ಟಿಯಾರ್ ಹೆಸರು, ಚಿತಳೆಯವರ ಹೆಸರು ಎಲ್ಲರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ. ಚೆನ್ನೈನಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಮೆಟ್ರೊದವರಿಗೆ ಒಂದು ಪತ್ರ ಬರೆಯಿರಿ. ನಾನೂ ಬರೆಯುತ್ತಿದ್ದೇನೆ.