ಜೀನ್ ಟೆಸ್ಟ್ ಆಮೇಲೆ, ಮೊದಲು ಬಿಪಿ

"ನಮ್ಮ ಒಕ್ಕದಲ್ಲೇ ಇದೆ, ಅಜ್ಜನಿಗೂ ಹೀಗೇ ಮರೆವು ಬಂದಿತ್ತು." ಕೊಡಗಿನಲ್ಲಿ ಆಗಾಗ ಕಿವಿಗೆ ಬೀಳುವ ಮಾತು. (ಒಕ್ಕ ಎಂದರೆ ಅಪ್ಪನ ಕಡೆಯ ಮನೆತನ.) ಈಗ ಇದರ ಜೊತೆ, ಮರೆವಿನ ಅಪಾಯ ತಿಳಿಯಲು ಉಗುಳು ಕಳಿಸಿ ಜೀನ್ ಟೆಸ್ಟ್ ಮಾಡಿಸುವ ಉತ್ಸಾಹವೂ ಸೇರಿಕೊಂಡಿದೆ. ಬಿಪಿ ಮಷೀನ್ ಇಲ್ಲದ ಮನೆಯವರು ಆ ಟೆಸ್ಟಿಗೆ ದುಡ್ಡು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಆ ಟೆಸ್ಟ್ ಮುಖ್ಯವಾಗಿ ಹುಡುಕುವುದು 19ನೇ ವರ್ಣತಂತುವಿನಲ್ಲಿರುವ ಎಪಿಒಇ ಜೀನನ್ನು. ಇ2, ಇ3, ಇ4 ಎಂದು ಮೂರು ಬಗೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಹಾಗಾಗಿ ಒಕ್ಕದ ಲೆಕ್ಕ ಅರ್ಧ ಲೆಕ್ಕವಷ್ಟೇ, ಅಮ್ಮನ ತಾಮನೆಯನ್ನೂ (ತವರುಮನೆ) ವಿಚಾರಿಸಬೇಕು. ಒಂದು ಇ4 ಇದ್ದರೆ ಮರೆವಿನ ಕಾಯಿಲೆಯಾದ ಅಲ್ಜೈಮರ್ ಅಪಾಯ ಸುಮಾರು 2-3 ಪಟ್ಟು, ಎರಡಿದ್ದರೆ 8-12 ಪಟ್ಟು ಎನ್ನುತ್ತಾರೆ. ಆದರೆ ಇದು ಹೆಚ್ಚಾಗಿ ಯುರೋಪ್ ಮೂಲದವರ ಅಂಕಿ. ಇ4 ಇದ್ದೂ ಮರೆವು ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ.

ಇ4 ನರಕೋಶಕ್ಕಷ್ಟೇ ಕಾಟ ಕೊಡುವುದಿಲ್ಲ. ಅದು ಇದ್ದರೆ ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನಿಂದ ಸರಿಯಾಗಿ ಹೊರಹೋಗದೆ ಸಣ್ಣ ರಕ್ತನಾಳಗಳ ಗೋಡೆಯಲ್ಲೂ ಕೂರುತ್ತದೆ. ಗೋಡೆ ಪೆಡಸಾಗಿ ಅಲ್ಲಲ್ಲಿ ರಕ್ತ ಜಿನುಗುತ್ತದೆ. ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು ತಬ್ಬಿಕೊಂಡಿರುವ ಪೆರಿಸೈಟ್ ಕೋಶಗಳೂ ಹಾಳಾಗುತ್ತವೆ. ರಕ್ತದಲ್ಲಿರುವುದು ಮಿದುಳಿಗೆ ನುಗ್ಗದಂತೆ ಇರುವ ತಡೆಯನ್ನು ಇ4 ಸಡಿಲಿಸುವ ಬಗೆಯನ್ನು 2012ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಇನ್ನೊಂದು ತಿರುವು: ಅಲ್ಜೈಮರ್ ಅಪಾಯ ತಗ್ಗಿಸುವ "ಒಳ್ಳೆಯ" ಇ2, ಅಮಿಲಾಯ್ಡ್ ಕೂತ ನಾಳಗಳಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ರಿಪೋರ್ಟ್ ನೋಡಿ ಬೀಗುವವರು ಇದನ್ನೂ ಓದಬೇಕು.

ಇದೇ ನಾಳಗಳ ಮೇಲೆ ಏರಿದ ಬಿಪಿ ದಶಕಗಟ್ಟಲೆ ಗುದ್ದಿದರೆ ಎರಡು ಹಾನಿ ಒಟ್ಟಾಗುತ್ತವೆ, ಮರೆವು ಬೇಗ ಎದ್ದು ಕಾಣುತ್ತದೆ. ಬಿಪಿ ಇಳಿಸಿದರೆ ಇ4 ಅಳಿಸಿಹೋಗದು, ನಿಜ. ಆದರೆ ಬಿಪಿಯಾದರೂ ನಮ್ಮ ಕೈಯಲ್ಲಿದೆ, ಅದೂ ನಲವತ್ತು-ಐವತ್ತರ ವಯಸ್ಸಿನಿಂದಲೇ.

ಅಳೆಯುವುದರಲ್ಲೇ ಎಡವುತ್ತೇವೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ ಬೇಡ (ಕೊಡಗಿನಲ್ಲಿ ಇದೇ ಕಷ್ಟದ ನಿಯಮ). ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿ. ಮಷೀನಿನ ಪಟ್ಟಿ ಸುತ್ತುವುದು ಸ್ವೆಟರಿನ ಮೇಲಲ್ಲ, ಬರಿ ತೋಳಿಗೆ. ತೋಳು ಎದೆಯ ಮಟ್ಟದಲ್ಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, 7 ದಿನ. ಮೊದಲ ದಿನದ ಅಂಕಿ ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ಡಾಕ್ಟರನ್ನು ಕಾಣಿ. ವಯಸ್ಸಾದವರಿಗೆ ನಿಂತಾಗಲೂ ಒಮ್ಮೆ ನೋಡಿ. ಎದ್ದೊಡನೆ ಬಿಪಿ ಕುಸಿದರೆ ಬೀಳುತ್ತಾರೆ. ಪಂದಿಕರಿ ಬಿಡಿ ಎನ್ನುತ್ತಿಲ್ಲ. ದಿನದ ಒಟ್ಟು ಉಪ್ಪು ಒಂದು ಟೀ ಚಮಚ ದಾಟದಿರಲಿ, ಉಪ್ಪಿನಕಾಯಿ, ಒಣಮೀನು ಎಲ್ಲ ಸೇರಿ.

ಮರೆವು ಶುರುವಾಗಿದ್ದರೆ ಬಿ12, ಥೈರಾಯ್ಡ್ ಪರೀಕ್ಷೆ ಮೊದಲು. ಎಂಆರ್‌ಐ ಬರೆದುಕೊಟ್ಟರೆ ಅದರಲ್ಲಿ ಎಸ್‌ಡಬ್ಲ್ಯುಐ (ಸೂಕ್ಷ್ಮ ರಕ್ತಸ್ರಾವ ತೋರಿಸುವ ಸ್ಕ್ಯಾನ್ ಬಗೆ) ಇದೆಯೇ ಕೇಳಿ. ಸೂಕ್ಷ್ಮ ರಕ್ತಸ್ರಾವ ಸಿಟಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅದು ಸಿಕ್ಕರೆ ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ಡಾಕ್ಟರು ಮತ್ತೆ ತೂಗಿ ನೋಡಬೇಕು, ನೀವಾಗಿಯೇ ನಿಲ್ಲಿಸಬೇಡಿ.

ಜೀನ್ ಟೆಸ್ಟಿಗೆ ನಿಜವಾದ ಕೆಲಸ ಬರುವುದು ಲೆಕಾನೆಮ್ಯಾಬ್‌ನಂಥ ಅಮಿಲಾಯ್ಡ್ ತೆಗೆಯುವ ಔಷಧಿ ಆರಂಭಿಸುವ ಮುನ್ನ. ಎರಡು ಇ4 ಇದ್ದವರಿಗೆ ಅದರಿಂದ ಮಿದುಳು ಬಾತುಕೊಳ್ಳುವ, ರಕ್ತ ಜಿನುಗುವ ಅಪಾಯ ಉಳಿದವರಿಗಿಂತ ಹೆಚ್ಚು.